ಬಿಳಿ ಹಾಳೆಗೂ ನಾಡಿ ಬಡಿದಾಗ

ಪ್ರತಿ ಬಡಿತಕ್ಕೂ ಚರ್ಮದ ಬಣ್ಣ ಚೂರೇ ಚೂರು ಬದಲಾಗುವುದನ್ನು ಮುಖದ ವಿಡಿಯೊದಲ್ಲಿ ನೋಡಿ ಹೃದಯ ಬಡಿತ ಎಣಿಸುವ ಪ್ರೋಗ್ರಾಂ ಬರೆದು, ಬೆಳಿಗ್ಗೆ ಕಿಟಕಿಯೆದುರು ಕೂತು ನೋಡಿದೆ: 72. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ ಕೂಡ 72 ಅಂದಿತು. ಸಂಜೆ ಅದೇ ಕುರ್ಚಿ, ಅದೇ ಮುಖ. ಪ್ರೋಗ್ರಾಂ ಹೇಳಿದ್ದು 108. ಆಕ್ಸಿಮೀಟರ್ 72 ಬಿಟ್ಟು ಕದಲಿರಲಿಲ್ಲ.

ಗುಮಾನಿ ಮೊದಲು ಪ್ರೋಗ್ರಾಂನಲ್ಲಿ ಬೇಡದ ಏರಿಳಿತ ಸೋಸುವ ಫಿಲ್ಟರ್ ಮೇಲೆ ಹೋಯಿತು. ಎರಡು ದಿನ ಅದನ್ನೇ ಕೆದಕಿದ್ದು ದಂಡ. ಕೊನೆಗೆ ಪ್ರತಿ ಫ್ರೇಮ್ ಬಂದ ಹೊತ್ತು ಬರೆದಿಟ್ಟು ನೋಡಿದಾಗ ಗುಟ್ಟು ಬಯಲಾಯಿತು. ಬೆಳಕು ಕಮ್ಮಿಯಾದೊಡನೆ ವೆಬ್‌ಕ್ಯಾಮ್ ತಾನಾಗಿ ಎಕ್ಸ್‌ಪೋಶರ್ (ಒಂದೊಂದು ಫ್ರೇಮಿಗೆ ಬೆಳಕು ಹಿಡಿಯುವ ಹೊತ್ತು) ಹೆಚ್ಚಿಸಿಕೊಂಡು, ಸೆಕೆಂಡಿಗೆ 30ರ ಬದಲು 20 ಫ್ರೇಮ್ ಕೊಡುತ್ತಿತ್ತು. ನಾನು 30 ಎಂದೇ ಲೆಕ್ಕ ಹಾಕಿದ್ದೆ. 72ರ ಒಂದೂವರೆ ಪಟ್ಟು 108.

ಅದನ್ನು ಸರಿಪಡಿಸಿದರೂ ಕೆಲವು ಸಂಜೆ 90 ಅನ್ನುವ ಅಂಕಿ ಅಂಟಿಕೊಂಡು ಕೂರುತ್ತಿತ್ತು. ಬೇಸತ್ತು, ಮುಖ ಗುರುತಿಸುವ ಭಾಗ ತೆಗೆದುಹಾಕಿ, ಕ್ಯಾಮೆರಾ ಮುಂದೆ ಬಿಳಿ ಹಾಳೆ ಅಂಟಿಸಿದೆ. ಹಾಳೆಗೂ 90! 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತಿನ ಕರೆಂಟಿನಲ್ಲಿ, ಸುತ್ತಿಗೆ ಎರಡು ಸಲದಂತೆ ನನ್ನ ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತಿತ್ತು. ಕ್ಯಾಮೆರಾ ಆಗ ತೆಗೆಯುತ್ತಿದ್ದದ್ದು ಸೆಕೆಂಡಿಗೆ 19.7 ಫ್ರೇಮ್. ಅದರ ಐದು ಪಟ್ಟು 98.5, ಮಿಕ್ಕ 1.5 ಹರ್ಟ್ಸ್ ನಿಧಾನದ ಅಲೆಯಾಗಿ ವಿಡಿಯೊದಲ್ಲಿ ಮೂಡುತ್ತದೆ, ಅಂದರೆ ನಿಮಿಷಕ್ಕೆ 90. ನಾಡಿಯ ವೇಷ ತೊಟ್ಟ ಬಲ್ಬು.

ಕಣ್ಣಿಗೇ ಕಾಣದ ಮಿನುಗು ಇಷ್ಟು ಕಾಡಿದ್ದರಲ್ಲಿ ಆಶ್ಚರ್ಯವಿಲ್ಲ. ಒಂದೊಂದು ಬಡಿತಕ್ಕೆ ಚರ್ಮದ ಬಣ್ಣ ಬದಲಾಗುವುದು ಪಿಕ್ಸೆಲ್ ಹೊಳಪಿನ 0ಯಿಂದ 255ರವರೆಗಿನ ಅಳತೆಯಲ್ಲಿ ಎಷ್ಟೋ ಸಲ ಒಂದು ಅಂಕಿಯಷ್ಟೂ ಇರುವುದಿಲ್ಲ. ಸಾವಿರಾರು ಪಿಕ್ಸೆಲ್‌ಗಳ ಸರಾಸರಿ ತೆಗೆದರೇನೇ ಕೈಗೆ ಸಿಗುತ್ತದೆ. ರಕ್ತದಲ್ಲಿನ ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರುವುದರಿಂದ ಈ ಬದಲಾವಣೆ ವಿಡಿಯೊದ ಹಸಿರು ಬಣ್ಣದ ಪದರ, ಅಂದರೆ ಹಸಿರು ಚಾನೆಲ್‌ನಲ್ಲಿ ಎದ್ದು ಕಾಣುತ್ತದೆ.

ಎಕ್ಸ್‌ಪೋಶರನ್ನು ಸೆಕೆಂಡಿನ 1/50 ಭಾಗಕ್ಕೆ ಕಟ್ಟಿಹಾಕಿದೆ. ಮಿನುಗಿನ ಎರಡು ಸುತ್ತು ಪೂರ್ತಿಯಾಗಿ ಪ್ರತಿ ಫ್ರೇಮಿಗೂ ಬೀಳುವುದರಿಂದ ಏರಿಳಿತ ಅಳಿಸಿಹೋಯಿತು. ಆಟೋ ವೈಟ್ ಬ್ಯಾಲೆನ್ಸ್ ಕೂಡ ಆಫ್ ಮಾಡಿದೆ; ಅದು ನಡುನಡುವೆ ಬಣ್ಣ ತಿದ್ದುತ್ತ ಕೂತರೆ ಅಳೆಯುವುದಾದರೂ ಏನನ್ನು? ಕತ್ತಲಾದದ್ದಕ್ಕೆ ಟೇಬಲ್ ಲ್ಯಾಂಪನ್ನು ಮುಖಕ್ಕೇ ಹಿಡಿದೆ, ಅದೂ ಎಡವಟ್ಟಾಯಿತು: ಹಣೆ ಹೊಳೆದು ಪಿಕ್ಸೆಲ್‌ಗಳೆಲ್ಲ 255ಕ್ಕೆ ಮುಟ್ಟಿ, ನಾಡಿ ಮಾಯ. ಲ್ಯಾಂಪನ್ನು ಎದುರಿನ ಗೋಡೆಯ ಕಡೆ ತಿರುಗಿಸಿದ ಮೇಲೆ ಮೆತ್ತನೆಯ ಬೆಳಕು ಮುಖದ ಎರಡೂ ಬದಿಗೆ ಸಮನಾಗಿ ಬಿತ್ತು.

ಈಗ ಗ್ರಾಫಿನಲ್ಲಿ ಹಾಳೆಯ ಗೆರೆ ಸಪಾಟು, ಮುಖದ್ದು ಆಕ್ಸಿಮೀಟರ್ ಜೊತೆಗೇ ಸಾಗುತ್ತದೆ. ಪಕ್ಕದ ಕಿಟಕಿಯಿಂದ ಬೆಳಕು ಬೀಳುವಾಗ ತಲೆ ಅಲುಗಿಸಿದರೆ ಮಾತ್ರ ಇನ್ನೂ ಕೈಕೊಡುತ್ತದೆ.