ಹಳ್ಳದ ಆರೋಗ್ಯ ಅಳೆಯಲು ಹೋಲಿಕೆಯ ತಾಣ ಆರಿಸುವುದು ಹೇಗೆ?

ಹಳ್ಳವೊಂದು ಕೆಟ್ಟಿದೆ ಎನ್ನಬೇಕಾದರೆ ಕೆಡದ ಹಳ್ಳ ಹೇಗಿರುತ್ತದೆ ಎಂಬುದು ಮೊದಲು ಗೊತ್ತಿರಬೇಕು. ಆ ಕೆಡದ ಜಾಗವೇ ಹೋಲಿಕೆಯ ತಾಣ. ಕಾಲೇಜು ಪ್ರಾಜೆಕ್ಟುಗಳಿಂದ ಹಿಡಿದು ದೊಡ್ಡ ಸಮೀಕ್ಷೆಗಳವರೆಗೆ ಎಡವುವುದು ಇಲ್ಲಿಯೇ. ಖಾನಾಪುರದ ಕಾಡಿನ ತಿಳಿನೀರಿನ ತೊರೆಯನ್ನು ಅಳತೆಗೋಲಾಗಿ ಇಟ್ಟುಕೊಂಡು ಸಿಂದಗಿಯ ಎರೆಹೊಲದ ಹಳ್ಳಕ್ಕೆ ಅಂಕ ಹಾಕುತ್ತಾರೆ. ಸಿಂದಗಿಯ ಹಳ್ಳಕ್ಕೆ ಯಾರೂ ಏನೂ ಮಾಡದಿದ್ದರೂ ಆ ಪರೀಕ್ಷೆಯಲ್ಲಿ ಅದು ಪಾಸಾಗುವುದಿಲ್ಲ.

ಮೊದಲು ಹಳ್ಳದ ಜಾತಿ ಗೊತ್ತುಮಾಡಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳನ್ನು ಸೇರಿಸಿ ನೋಡಿದರೆ ಕನಿಷ್ಠ ಮೂರು ಬಗೆ ಸಿಗುತ್ತವೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತಿನ ಘಟ್ಟದ ತೊರೆಗಳಿಗೆ ಭಾರಿ ಮಳೆ, ಮರದ ನೆರಳು, ಕಲ್ಲಿನ ತಳ. ಬಾದಾಮಿ ಕಡೆಯ ಮರಳುಗಲ್ಲಿನ ಗುಡ್ಡದಿಂದ ಇಳಿಯುವವು ಮಳೆಗಾಲದಲ್ಲಿ ಹರಿದು ಆಮೇಲೆ ಒಣಗುತ್ತವೆ, ತಳದಲ್ಲಿ ಉಸುಕು ಹೆಚ್ಚು. ವಿಜಯಪುರದ ಎರೆಭೂಮಿಯ ಹಳ್ಳಗಳಿಗೆ ಕೆಸರಿನ ತಳ, ಬಿಸಿ ನೀರು; ಡೋಣಿ ಸೀಮೆಯಲ್ಲಂತೂ ನೀರೇ ಸವಳು.

ಘಟ್ಟದ ತೊರೆಯಲ್ಲಿ ವಿದ್ಯುತ್ ವಾಹಕತೆ (ನೀರಿನಲ್ಲಿ ಕರಗಿದ ಲವಣದ ಸೂಚಕ) ಹೆಚ್ಚಾಗಿ 100 ಮೈಕ್ರೋಸೀಮೆನ್ಸ್ ಒಳಗಿರುತ್ತದೆ. ಎರೆ ನೆಲದಲ್ಲಿ ಅದು 1,000 ದಾಟಿದರೂ ಮಣ್ಣಿನ ಗುಣವೇ ಕಾರಣವಿರಬಹುದು. ಕಲ್ಲಿನಡಿ ತಂಪು ನೀರು ಬೇಡುವ ಸ್ಟೋನ್‌ಫ್ಲೈ ಕೀಟದ ಮರಿಗೆ ಬಿಎಂಡಬ್ಲ್ಯೂಪಿ ಪದ್ಧತಿಯಲ್ಲಿ (ಸಿಕ್ಕ ಹುಳುಗಳಿಗೆ ಅಂಕ ಕೊಟ್ಟು ನೀರಿನ ಆರೋಗ್ಯ ಅಳೆಯುವ ಕ್ರಮ) 10 ಅಂಕ. ಕೆಸರಲ್ಲಿ ಬದುಕುವ ಕೈರೊನೊಮಿಡ್ ಹುಳುವಿಗೆ 2. ಬಯಲಿನ ಬೆಚ್ಚಗಿನ ಹಳ್ಳದಲ್ಲಿ ಸ್ಟೋನ್‌ಫ್ಲೈ ನಿರೀಕ್ಷಿಸುವುದೇ ತಪ್ಪು. ಹಾಗಾಗಿ ಮಣ್ಣು, ಮಳೆ, ಇಳಿಜಾರು, ಹಳ್ಳದ ಗಾತ್ರ, ವರ್ಷಪೂರ್ತಿ ಹರಿಯುತ್ತದೋ ಇಲ್ಲವೋ ಎಂಬ ಐದೂ ಹೊಂದುವ ಹಳ್ಳಗಳನ್ನು ಮಾತ್ರ ಒಂದು ಗುಂಪಿಗೆ ಹಾಕಿ.

ನಕ್ಷೆಯ ಮೇಲೆ ಜರಡಿ

ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ, ಇಸ್ರೋದ ನಕ್ಷೆ ತಾಣ ಭುವನ್, ಗೂಗಲ್ ಅರ್ತ್ ಸಾಕು. ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶದಲ್ಲಿ ತಾಣದ ಮೇಲಿನ ಇಡೀ ಜಲಾನಯನದ ಗಡಿ ಎಳೆಯಿರಿ. ಘಟ್ಟದಲ್ಲಾದರೆ ಶೇ 90ರಷ್ಟು ಸಹಜ ಕಾಡಿರುವುದನ್ನೇ ಹಿಡಿಯಿರಿ.

ತಾಣ ಹಾಳಾಗಿ, ನೋಡಲು ಮಾತ್ರ ಚೆಂದ ಇರುವ ಜಾಗಗಳನ್ನು ಪತ್ತೆ ಹಚ್ಚುವುದು ಇಡೀ ಕೆಲಸದ ಕಷ್ಟದ ಭಾಗ. ಉಪಗ್ರಹ ಚಿತ್ರದಲ್ಲಿ ಅಕೇಶಿಯಾ, ನೀಲಗಿರಿ, ಗೋಡಂಬಿ ತೋಟಗಳೂ ಕಾಡಿನಷ್ಟೇ ಹಸಿರು. ಅಕೇಶಿಯಾ ಎಲೆ ನೀರಿಗೆ ಬಿದ್ದು ಕೊಳೆಯುವ ರೀತಿ ಮತ್ತಿ, ನೇರಳೆ, ಅತ್ತಿ ಎಲೆಯಂತಲ್ಲ. ಎಲೆ ತಿನ್ನುವ ಹುಳುಗಳ ಊಟವೇ ಬದಲಾಗುತ್ತದೆ. ಸಾಲುಸಾಲಾಗಿ ಒಂದೇ ಎತ್ತರದ ಮರ ಕಂಡರೆ ನೆಡುತೋಪು ಎಂದು ಗುರುತು ಹಾಕಿ.

ಇದಕ್ಕಿಂತ ಮೋಸದ್ದು ಏಪ್ರಿಲ್‌ನಲ್ಲೂ ಹರಿಯುವ ಬಯಲ ಹಳ್ಳ. ಬಾಗಲಕೋಟೆ, ವಿಜಯಪುರದ ಕಾಲುವೆ ಅಚ್ಚುಕಟ್ಟಿನಲ್ಲಿ ಇಂಥವು ಬಹಳ. ಬೇಸಿಗೆಯಲ್ಲೂ ನೀರಿದೆ, ಆರೋಗ್ಯವಂತ ಹಳ್ಳ ಎಂದು ಖುಷಿಪಡಬೇಡಿ. ಕಾಲುವೆಯಿಂದ ಬಸಿದ ನೀರು, ಕಬ್ಬಿನ ಗದ್ದೆಯಿಂದ ಗೊಬ್ಬರ ತೊಳೆದುಕೊಂಡು ಬಂದ ನೀರು ಅದು. ಸಹಜವಾಗಿ ಒಣಗಬೇಕಾದ ಹಳ್ಳ ವರ್ಷಪೂರ್ತಿ ಹರಿದರೆ ಅದರ ಜೀವಿಗಳೂ ಬೇರೆಯವೇ. ಮುಖ್ಯ ಕಾಲುವೆಗಿಂತ ಎತ್ತರದ ಮಡ್ಡಿ ನೆಲದಲ್ಲಿ, ಅಚ್ಚುಕಟ್ಟಿನ ಹೊರಗೆ ಹುಡುಕಿ. ಊರಿನ ಹಿರಿಯರನ್ನು ಕೇಳಿ: ಕಾಲುವೆ ಬರುವ ಮುಂಚೆ ಈ ಹಳ್ಳ ಯಾವ ತಿಂಗಳಿಗೆ ಬತ್ತುತ್ತಿತ್ತು? ಈ ಒಂದು ಪ್ರಶ್ನೆಗೆ ಸಿಗುವ ಉತ್ತರ ಯಾವ ನಕ್ಷೆಯಲ್ಲೂ ಇರುವುದಿಲ್ಲ.

ಮೇಲ್ಭಾಗದಲ್ಲಿ ಬಾಂದಾರ, ಚೆಕ್ ಡ್ಯಾಂ, ಕಲ್ಲು ಕ್ವಾರಿ, ಉಸುಕು ತೆಗೆಯುವ ಜಾಗ, ಪಂಪ್‌ಸೆಟ್ ಸಾಲು ಇದ್ದರೆ ಅಲ್ಲಿಗೇ ಕೈಬಿಡಿ.

ಕಾಲಿನಲ್ಲಿ ನಡೆದೇ ನೋಡಿ

ಗಾಡಿ ನಿಲ್ಲಿಸಲು ಸುಲಭವೆಂದು ಸೇತುವೆ ಕೆಳಗೆ ತಾಣ ಆರಿಸುವುದು ನಮ್ಮಲ್ಲಿ ರೂಢಿಯಾಗಿದೆ. ಎಮ್ಮೆ ಮೈ ತೊಳೆಯುವುದು, ಟ್ರ್ಯಾಕ್ಟರ್ ತೊಳೆಯುವುದು, ಬಟ್ಟೆ ಒಗೆಯುವುದು ಎಲ್ಲ ಅಲ್ಲಿಯೇ. ಸೇತುವೆಯಿಂದ ಕನಿಷ್ಠ 100 ಮೀಟರ್ ಮೇಲಕ್ಕೆ ಹೋಗಿ, ಅಲ್ಲಿಂದ ಇನ್ನೂ 500 ಮೀಟರ್ ಹಳ್ಳದೊಳಗೇ ನಡೆಯಿರಿ. ದೇವಸ್ಥಾನದ ಪಕ್ಕದ ತೊರೆಗಳನ್ನು ಜಾತ್ರೆ ಇಲ್ಲದ ದಿನ ನೋಡಿ ಮೋಸಹೋಗಬೇಡಿ.

ಮುಷ್ಟಿ ಗಾತ್ರದ ಕಲ್ಲೊಂದನ್ನು ಎತ್ತಿ. ಸಲೀಸಾಗಿ ಎದ್ದು, ಅಡಿ ಭಾಗ ಕಂದು ಬಣ್ಣದ್ದಾಗಿದ್ದರೆ ಒಳ್ಳೆಯದು. ಕಲ್ಲು ಕೆಸರಲ್ಲಿ ಕಚ್ಚಿಕೊಂಡು, ಎತ್ತಿದಾಗ ಮಣ್ಣಿನ ಮೋಡ ಎದ್ದು, ಅಡಿ ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ಆಮ್ಲಜನಕ ಇಲ್ಲ. ಹತ್ತು ಕಡೆ ಹೀಗೆ ನೋಡಿ. ಇದು ಕಲ್ಲಿನ ತಳದ ಹಳ್ಳಕ್ಕೆ ಮಾತ್ರ. ಎರೆ ಹಳ್ಳದಲ್ಲಿ ಬದಲಿಗೆ ದಂಡೆಯ ಗಿಡ, ಕುಸಿತ, ದನದ ಹೆಜ್ಜೆ ನೋಡಬೇಕು.

ಕಲ್ಲಿನಡಿ ಮೂರು ಬಾಲದ ಚಪ್ಪಟೆ ಮೇಫ್ಲೈ ಮರಿ, ಉಸುಕಿನ ಕಣ ಅಂಟಿಸಿ ಗೂಡು ಕಟ್ಟಿದ ಕ್ಯಾಡಿಸ್ ಹುಳು ಕಂಡರೆ ಸಂತೋಷವಾಗುತ್ತದೆ ನಿಜ. ಆದರೆ ಹುಳು ನೋಡಿ ತಾಣವನ್ನು ಆರಿಸಬಾರದು. ಮುಂದೆ ಹುಳುಗಳಿಂದಲೇ ಆರೋಗ್ಯ ಅಳೆಯುವಾಗ, ಹುಳು ಹೆಚ್ಚಿದ್ದ ಜಾಗವನ್ನೇ ಅಳತೆಗೋಲು ಮಾಡಿದರೆ ಲೆಕ್ಕ ಸುತ್ತಿ ಅಲ್ಲಿಗೇ ಬರುತ್ತದೆ. ನೆಲ, ನೀರು, ದಂಡೆ ನೋಡಿ ಆರಿಸಿ. ಹುಳು ಆಮೇಲೆ ಎಣಿಸಿ.

ನೀರಿನಲ್ಲಿ ಕರಗಿದ ಲವಣ ಅಳೆಯುವ ಅಗ್ಗದ ಟಿಡಿಎಸ್ ಪೆನ್ನುಗಳನ್ನು ಹಾಗೆಯೇ ನಂಬಬೇಡಿ. 1413 ಮೈಕ್ರೋಸೀಮೆನ್ಸ್ ವಾಹಕತೆಯ ಪ್ರಮಾಣಿತ ದ್ರಾವಣದಲ್ಲಿ ತಾಳೆ ನೋಡದೆ ಬರೆದ ಅಂಕಿ ನಿಲ್ಲುವುದಿಲ್ಲ. ಕರಗಿದ ಆಮ್ಲಜನಕವನ್ನು ಎಲ್ಲ ಕಡೆ ಬೆಳಿಗ್ಗೆ ಒಂದೇ ಹೊತ್ತಿಗೆ ಅಳೆಯಿರಿ. ಪಾಚಿ ತುಂಬಿದ ಕೊಳೆ ಹಳ್ಳವೂ ಮಧ್ಯಾಹ್ನ ಮೂರಕ್ಕೆ ಭರ್ಜರಿ ಆಮ್ಲಜನಕ ತೋರಿಸುತ್ತದೆ.

ಬಯಲಲ್ಲಿ ಕೆಡದ ಹಳ್ಳವೇ ಇಲ್ಲದಿದ್ದರೆ?

ಎರೆ ಸೀಮೆಯಲ್ಲಿ ಉಳುಮೆ ಕಾಣದ ಜಲಾನಯನ ಸಿಗುವುದು ಕಷ್ಟ. ಆಗ ಇದ್ದುದರಲ್ಲಿ ಕಡಿಮೆ ಕೆಟ್ಟದ್ದನ್ನು ಹಿಡಿಯಬೇಕು: ಮಳೆಯಾಶ್ರಿತ ಜೋಳದ ಹೊಲಗಳ ನಡುವಿನದು, ದಂಡೆಯಲ್ಲಿ ಹೊಂಗೆ ಉಳಿದದ್ದು, ಬಳ್ಳಾರಿ ಜಾಲಿ ಮುತ್ತದ್ದು, ಊರಿನ ಚರಂಡಿ ಸೇರದ್ದು. ವರದಿಯಲ್ಲಿ ‘ಇದ್ದುದರಲ್ಲಿ ಕಡಿಮೆ ಕೆಟ್ಟ ತಾಣ’ ಎಂದೇ ಬರೆಯಿರಿ. ಇದನ್ನು ‘ಸಹಜ ಸ್ಥಿತಿ’ ಎಂದು ಬರೆದುಬಿಟ್ಟರೆ ಮುಂದೆ ಹಳ್ಳ ಎಷ್ಟು ಕೆಟ್ಟರೂ ಪರವಾಗಿಲ್ಲ ಎನ್ನಲು ಅದೇ ದಾಖಲೆಯಾಗುತ್ತದೆ.

ಎಷ್ಟು ಬೇಕು, ಯಾವಾಗ ಹೋಗಬೇಕು

ಪ್ರತಿ ಬಗೆಗೂ ಹತ್ತು ತಾಣ ಇರಲಿ, ಐದಕ್ಕಿಂತ ಕಡಿಮೆ ಬೇಡ. ಒಂದೇ ಹಳ್ಳದ ಮೇಲೆ ಕೆಳಗೆ ಮೂರು ಕಡೆ ಬಲೆ ಹಾಕಿ ಮೂರು ತಾಣ ಎನ್ನಬಾರದು, ಅದು ಒಂದೇ. ಘಟ್ಟದ ತೊರೆಗೆ ನವೆಂಬರ್‌ನಿಂದ ಫೆಬ್ರುವರಿ ಸೂಕ್ತ. ಒಣಗುವ ಹಳ್ಳಗಳಿಗೆ ಮಳೆ ನಿಂತ ಕೆಲವೇ ವಾರಗಳಲ್ಲಿ ಹೋಗಬೇಕು, ಆದರೆ ದೊಡ್ಡ ನೆರೆ ಇಳಿದು ಎರಡು ವಾರವಾದರೂ ಕಳೆದಿರಲಿ. ಹುಳು ಹಿಡಿಯಲು 0.5 ಮಿ.ಮೀ. ಕಣ್ಣಿನ ಕಿಕ್ ನೆಟ್ (ಕಾಲಿನಿಂದ ತಳ ಕೆದಕಿ, ಎದ್ದ ಹುಳುಗಳನ್ನು ಹಿಡಿಯುವ ಬಲೆ) ಬಳಸಿ, ಎಲ್ಲ ಕಡೆ ಮೂರೇ ನಿಮಿಷ. ಸೊಳ್ಳೆ ಪರದೆ ಹೊಲಿದು ಮಾಡಿದ ಬಲೆಯಲ್ಲಿ ಸಣ್ಣ ಮರಿಗಳು ಜಾರಿ ಹೋಗುತ್ತವೆ.

2011ರಲ್ಲಿ ವನ್ಯಜೀವಿ ಧಾಮವಾದ, ಖಾನಾಪುರ ತಾಲ್ಲೂಕಿನ ಭೀಮಗಡದೊಳಗೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಮಾದರಿ ತೆಗೆಯುವಂತಿಲ್ಲ. ಅರ್ಜಿಯನ್ನು ಕೆಲವು ತಿಂಗಳು ಮುಂಚೆಯೇ ಹಾಕಿ.

ಆರಿಸಿದ ತಾಣದ ಜಿಪಿಎಸ್ ಬಿಂದು, ಮೇಲಕ್ಕೂ ಕೆಳಕ್ಕೂ ಮುಖಮಾಡಿ ತೆಗೆದ ಫೋಟೊ, ಆರಿಸಿದ ಕಾರಣ ಮೂರನ್ನೂ ದಾಖಲಿಸಿ. ಪ್ರತಿ ವರ್ಷ ಮಳೆಗಾಲದ ನಂತರ ಮತ್ತೆ ನಡೆದು ನೋಡಿ. ಮೇಲೆ ಹೊಸ ಬಾಂದಾರವೋ ಕ್ವಾರಿಯೋ ಬಂದಿದ್ದರೆ ಆ ತಾಣವನ್ನು ಪಟ್ಟಿಯಿಂದ ತೆಗೆದು, ಅದೇ ಬಗೆಯ ಇನ್ನೊಂದು ಹಳ್ಳ ಹುಡುಕಿ.