ಅಮೆರಿಕದಲ್ಲಿ ತಾರತಮ್ಯದ ದೂರು: ಯಾವ ಬಾಗಿಲು ತಟ್ಟಬೇಕು, ಎಷ್ಟು ದಿನದೊಳಗೆ?

ಊಟದ ಬಿಡುವಿನಲ್ಲಿ ಪಕ್ಕದ ಮೇಜಿನವರ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದೀರಿ. ಮ್ಯಾನೇಜರ್ ಬಂದು ‘ಈ ಕಚೇರಿಯಲ್ಲಿ ಇಂಗ್ಲಿಷ್ ಮಾತ್ರ’ ಎನ್ನುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಅವರು ಹಾಗೆನ್ನುವಂತಿಲ್ಲ. ಕೆಲಸದ ಹೊತ್ತಿನಲ್ಲಿ ಇಂಥ ನಿಯಮ ಹೇರಬೇಕಾದರೂ ವ್ಯವಹಾರದ ಗಟ್ಟಿ ಕಾರಣ ಬೇಕು. ಊಟ, ಕಾಫಿಯ ಬಿಡುವಿನಲ್ಲಂತೂ ಯಾವ ಕಾರಣವೂ ನಡೆಯದು ಎಂದು ಆ ರಾಜ್ಯದ ನಿಯಮಾವಳಿ ಹೇಳುತ್ತದೆ. ಇಂಗ್ಲಿಷ್ ಉಚ್ಚಾರಣೆ ಸರಿಯಿಲ್ಲವೆಂದು ಬಡ್ತಿ ತಡೆದರೂ ಹೀಗೆಯೇ. ಆ ಉಚ್ಚಾರಣೆಯಿಂದ ಕೆಲಸಕ್ಕೇ ಅಡ್ಡಿಯಾಗುತ್ತಿದೆ ಎಂದು ಕಂಪನಿ ತೋರಿಸಬೇಕಾಗುತ್ತದೆ.

ಹಕ್ಕು ಇದೆ ಎಂಬುದು ಒಂದು ಮಾತು. ಅದನ್ನು ಎಲ್ಲಿ, ಎಂದಿನೊಳಗೆ ಕೇಳಬೇಕು ಎಂಬುದು ಬೇರೆಯೇ ಮಾತು. ನಾನು ಕಂಡಂತೆ ನಮ್ಮವರು ಎಡವುವುದು ಎರಡನೆಯದರಲ್ಲಿ. ‘ಎಚ್.ಆರ್. ವಿಚಾರಿಸುತ್ತೇನೆ ಎಂದಿದೆ’, ‘ಗ್ರೀನ್ ಕಾರ್ಡ್ ಒಂದು ಬಂದುಬಿಡಲಿ’, ‘ಮಗುವಿನ ಶಾಲೆ ಮುಗಿಯಲಿ’ ಎನ್ನುತ್ತ ಕೂತವರಿಗೆ ಕೊನೆಗೆ ವಕೀಲರು ಕೇಳುವ ಮೊದಲ ಪ್ರಶ್ನೆ ‘ಏನಾಯಿತು’ ಎಂಬುದಲ್ಲ, ‘ಯಾವತ್ತು ಆಯಿತು’ ಎಂಬುದು.

ಇದು ಪೊಲೀಸ್ ಠಾಣೆಯಲ್ಲ

ಊರಿನಲ್ಲಿ ಜಾತಿನಿಂದನೆಯ ದೂರೆಂದರೆ 1989ರ ದೌರ್ಜನ್ಯ ತಡೆ ಕಾಯ್ದೆ, ಠಾಣೆ, ಎಫ್‌ಐಆರ್ ನೆನಪಾಗುತ್ತವೆ. ಅಮೆರಿಕದ ದಾರಿ ಹಾಗಿಲ್ಲ. ಕಚೇರಿಯಲ್ಲಿ, ಬಾಡಿಗೆ ಮನೆಯಲ್ಲಿ, ಹೋಟೆಲಿನಲ್ಲಿ ನಡೆಯುವ ತಾರತಮ್ಯ ಅಲ್ಲಿ ಬಹುಮಟ್ಟಿಗೆ ಸಿವಿಲ್ ವಿಷಯ. ಯಾರ ಕೈಗೂ ಕೋಳ ಬೀಳುವುದಿಲ್ಲ. ದೂರು ತೆಗೆದುಕೊಂಡು, ತನಿಖೆ ನಡೆಸಿ, ರಾಜಿಗೆ ಕೂರಿಸಿ, ಬೇಕಾದರೆ ತಾನೇ ಮೊಕದ್ದಮೆ ಹೂಡುವ ಸರ್ಕಾರಿ ಸಂಸ್ಥೆಗಳು ಇದಕ್ಕೆಂದೇ ಇವೆ. ಅವು ಮೂರು ಅಂತಸ್ತಿನಲ್ಲಿವೆ. ಒಕ್ಕೂಟ ಸರ್ಕಾರದ್ದು ಸಮಾನ ಉದ್ಯೋಗಾವಕಾಶ ಆಯೋಗ, ಎಲ್ಲರ ಬಾಯಲ್ಲಿ ಇಇಒಸಿ. ಬಹುತೇಕ ರಾಜ್ಯಗಳಿಗೆ ತಮ್ಮದೇ ಇಲಾಖೆ ಅಥವಾ ಆಯೋಗವಿದೆ. ನ್ಯೂಯಾರ್ಕ್, ಸಿಯಾಟಲ್‌ನಂಥ ನಗರಗಳಿಗೆ ನಗರದ್ದೇ ಇನ್ನೊಂದಿದೆ.

ಈ ಪೈಕಿ ಹಳೆಯದು ರಾಜ್ಯದ ಬಾಗಿಲು. ಉದ್ಯೋಗದಲ್ಲಿ ಜನಾಂಗ, ಧರ್ಮ, ಮೂಲದ ಹೆಸರಿನಲ್ಲಿ ಭೇದ ಮಾಡಬಾರದೆಂದು ನ್ಯೂಯಾರ್ಕ್ ರಾಜ್ಯ 1945ರಲ್ಲೇ ಕಾನೂನು ಮಾಡಿ, ಜಾರಿಗೆ ಒಂದು ಆಯೋಗವನ್ನೂ ಕೂರಿಸಿತು. ಕ್ಯಾಲಿಫೋರ್ನಿಯಾ 1959ರಲ್ಲಿ ಆ ದಾರಿ ಹಿಡಿಯಿತು. ಎಲ್ಲರೂ ಹೆಸರು ಕೇಳಿರುವ ಒಕ್ಕೂಟದ ನಾಗರಿಕ ಹಕ್ಕುಗಳ ಕಾಯ್ದೆ ಬಂದದ್ದು 1964ರಲ್ಲಿ.

ಮೊದಲ ಹೆಜ್ಜೆ: ಬಾಗಿಲು ಆರಿಸುವುದು

ಕಂಪನಿಯಲ್ಲಿ ಎಷ್ಟು ಜನ ಇದ್ದಾರೆ ಎಂದು ಎಣಿಸಿ. ಇಇಒಸಿ ಸಾಮಾನ್ಯವಾಗಿ 15 ಅಥವಾ ಹೆಚ್ಚು ಉದ್ಯೋಗಿಗಳಿರುವ ಕಡೆ ಮಾತ್ರ ತಲೆಹಾಕುತ್ತದೆ. ವಯಸ್ಸಿನ ಕಾರಣದ ತಾರತಮ್ಯವಾದರೆ 20. ಕ್ಯಾಲಿಫೋರ್ನಿಯಾದ ನಾಗರಿಕ ಹಕ್ಕುಗಳ ಇಲಾಖೆಗೆ 5 ಜನ ಸಾಕು, ಕಿರುಕುಳದ ದೂರಾದರೆ ಒಬ್ಬರೇ ಉದ್ಯೋಗಿಯಿದ್ದರೂ ಸಾಕು. ಮ್ಯಾಸಚೂಸೆಟ್ಸ್‌ನಲ್ಲಿ 6. ನ್ಯೂಯಾರ್ಕ್ ರಾಜ್ಯದಲ್ಲಿ ಸಂಖ್ಯೆಯ ಮಿತಿಯೇ ಇಲ್ಲ. ಹತ್ತು ಜನರ ಸ್ಟಾರ್ಟಪ್‌ನಲ್ಲಿ, ಯಾರದೋ ದಿನಸಿ ಅಂಗಡಿಯಲ್ಲಿ ದುಡಿಯುವವರಿಗೆ ಇಇಒಸಿ ಬಾಗಿಲು ತೆರೆಯದು, ರಾಜ್ಯದ ಅಥವಾ ನಗರದ ಬಾಗಿಲನ್ನೇ ತಟ್ಟಬೇಕು.

ಹಣದ ಲೆಕ್ಕವೂ ಬೇರೆ. 1964ರ ಕಾಯ್ದೆಯಡಿ ಮಾನಸಿಕ ಯಾತನೆ ಮತ್ತು ದಂಡರೂಪದ ಪರಿಹಾರಕ್ಕೆ ಮೇಲ್ಮಿತಿಯಿದೆ: ಸಣ್ಣ ಕಂಪನಿಯಾದರೆ 50,000 ಡಾಲರ್, 500ಕ್ಕಿಂತ ಹೆಚ್ಚು ಜನರಿರುವ ದೊಡ್ಡದಾದರೆ 3 ಲಕ್ಷ ಡಾಲರ್. ಈ ಅಂಕಿಗಳನ್ನು ಗೊತ್ತುಮಾಡಿದ್ದು 1991ರಲ್ಲಿ. ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ಇಂಥ ಮಿತಿಯಿಲ್ಲ. ಹಾಗಾಗಿ ರಾಜ್ಯದ ಕಾನೂನು ಗಟ್ಟಿಯಿರುವ ಕಡೆ ಮೊದಲು ರಾಜ್ಯಕ್ಕೇ ಹೋಗಿ ಎಂಬುದು ನನ್ನ ಸಲಹೆ. ಅನೇಕ ಕಡೆ ಎರಡೂ ಸಂಸ್ಥೆಗಳ ನಡುವೆ ಕೆಲಸ ಹಂಚಿಕೆಯ ಒಪ್ಪಂದವಿರುವುದರಿಂದ ಒಂದು ಕಡೆ ಕೊಟ್ಟ ದೂರನ್ನು ಇನ್ನೊಂದು ಕಡೆಯೂ ದಾಖಲಿಸಿಕೊಳ್ಳುತ್ತಾರೆ. ದಾಖಲಾಯಿತೇ ಎಂದು ಬಾಯಿಬಿಟ್ಟು ಕೇಳಿ, ಬರಹದಲ್ಲಿ ಉತ್ತರ ಪಡೆಯಿರಿ.

ನ್ಯೂಯಾರ್ಕ್‌ನಲ್ಲಿ ಮಾತ್ರ ಒಂದು ಕೊಕ್ಕೆಯಿದೆ. ಅಲ್ಲಿನ ಮಾನವ ಹಕ್ಕುಗಳ ವಿಭಾಗಕ್ಕೆ ದೂರು ಕೊಟ್ಟರೆ, ಅದೇ ವಿಷಯವನ್ನು ರಾಜ್ಯ ಕಾನೂನಿನಡಿ ನ್ಯಾಯಾಲಯಕ್ಕೆ ಒಯ್ಯುವ ದಾರಿ ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ. ಅಲ್ಲಿರುವವರು ಫಾರ್ಮ್ ಮುಟ್ಟುವ ಮೊದಲೇ ವಕೀಲರನ್ನು ಕಾಣಬೇಕು.

ಎರಡನೆಯ ಹೆಜ್ಜೆ: ಕಾರಣಕ್ಕೆ ಹೆಸರಿಡುವುದು

ಬಾಸ್ ಕೆಟ್ಟವನು ಎಂಬುದು ದೂರಲ್ಲ. ಎಲ್ಲರನ್ನೂ ಸಮನಾಗಿ ಬಯ್ಯುವವನ ಮೇಲೆ ಈ ಕಾನೂನು ಬರುವುದಿಲ್ಲ. ನಿಮ್ಮನ್ನು ಬೇರೆಯಾಗಿ ಕಂಡದ್ದು ಕಾನೂನು ಪಟ್ಟಿ ಮಾಡಿರುವ ಕಾರಣವೊಂದಕ್ಕಾಗಿ ಎಂದು ಹೇಳಬೇಕು: ಜನಾಂಗ, ಬಣ್ಣ, ರಾಷ್ಟ್ರೀಯ ಮೂಲ, ಧರ್ಮ, ಲಿಂಗ, ಗರ್ಭಧಾರಣೆ, ಅಂಗವೈಕಲ್ಯ, 40 ದಾಟಿದ ವಯಸ್ಸು. ಒಂದೊಂದು ಊರು ಈ ಪಟ್ಟಿಗೆ ತನ್ನದನ್ನು ಸೇರಿಸಿದೆ. ನ್ಯೂಯಾರ್ಕ್ ನಗರ 2023ರಲ್ಲಿ ಎತ್ತರ ಮತ್ತು ತೂಕವನ್ನೂ ಸೇರಿಸಿತು. ಕ್ಯಾಲಿಫೋರ್ನಿಯಾದಲ್ಲಿ ಧರ್ಮ ಎಂದರೆ ಧಾರ್ಮಿಕ ಉಡುಗೆ, ತಲೆವಸ್ತ್ರ, ಆಭರಣಗಳೂ ಬರುತ್ತವೆ.

ಇನ್ನು ಜಾತಿ. ನಾವು ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿಯ ಜೊತೆಗೆ ಕಟ್ಟಿಕೊಂಡು ಹೋದದ್ದು ಅಲ್ಲಿನ ಕಾನೂನಿನ ಪುಸ್ತಕವನ್ನೂ ಮುಟ್ಟಿದೆ. ಸಿಲಿಕಾನ್ ಕಣಿವೆಯ ಸಿಸ್ಕೊ ಕಂಪನಿಯಲ್ಲಿ ದಲಿತ ಎಂಜಿನಿಯರ್ ಒಬ್ಬರಿಗೆ ಭಾರತೀಯ ಮೇಲಧಿಕಾರಿಗಳಿಂದ ತಾರತಮ್ಯವಾಗಿದೆ ಎಂದು ಕ್ಯಾಲಿಫೋರ್ನಿಯಾದ ಇದೇ ಇಲಾಖೆ 2020ರಲ್ಲಿ ಮೊಕದ್ದಮೆ ಹೂಡಿತು. ಆರೋಪವನ್ನು ಕಂಪನಿ ಅಲ್ಲಗಳೆಯಿತು. 2023ರಲ್ಲಿ ಇಲಾಖೆ ಇಬ್ಬರು ಮೇಲಧಿಕಾರಿಗಳ ಮೇಲಿನ ಪ್ರಕರಣವನ್ನು ಕೈಬಿಟ್ಟು, ಕಂಪನಿಯ ಮೇಲಿನದನ್ನು ಉಳಿಸಿಕೊಂಡಿತು. ಅದೇ ವರ್ಷದ ಫೆಬ್ರುವರಿಯಲ್ಲಿ ಸಿಯಾಟಲ್ ನಗರಸಭೆ ತನ್ನ ಸದಸ್ಯೆ ಕ್ಷಮಾ ಸಾವಂತ್ ತಂದ ಪ್ರಸ್ತಾವವನ್ನು 6–1 ಮತಗಳಿಂದ ಒಪ್ಪಿ, ಜಾತಿ ತಾರತಮ್ಯವನ್ನು ಹೆಸರು ಹೇಳಿ ನಿಷೇಧಿಸಿದ ಅಮೆರಿಕದ ಮೊದಲ ನಗರವಾಯಿತು. ಕ್ಯಾಲಿಫೋರ್ನಿಯಾದ ಫ್ರೆಸ್ನೊ ನಗರ ಅದರ ಹಿಂದೆಯೇ ಬಂದಿತು. ಕ್ಯಾಲಿಫೋರ್ನಿಯಾದ ಶಾಸನಸಭೆಯೂ ಇಂಥ ಮಸೂದೆಯನ್ನು ಅಂಗೀಕರಿಸಿತ್ತು. ಆದರೆ ಅಕ್ಟೋಬರ್‌ನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಅದಕ್ಕೆ ಸಹಿ ಹಾಕಲಿಲ್ಲ. ಈಗಿರುವ ಕಾನೂನಿನಲ್ಲೇ ಜಾತಿ ತಾರತಮ್ಯಕ್ಕೆ ನಿಷೇಧವಿದೆ, ಹೊಸದು ಬೇಡ ಎಂಬುದು ಅವರು ಕೊಟ್ಟ ಕಾರಣ.

ಆ ರಾಜಕೀಯದ ಬಗ್ಗೆ ಕನ್ನಡ ಕೂಟಗಳ ಊಟದ ಸಾಲಿನಲ್ಲಿ ಬೇಕಾದಷ್ಟು ಜಗಳ ಆಗಿದೆ, ಇಲ್ಲಿ ಬೇಡ. ದೂರು ಬರೆಯುವವರಿಗೆ ಬೇಕಾದದ್ದು ಇಷ್ಟು: ಕ್ಯಾಲಿಫೋರ್ನಿಯಾದಲ್ಲಿ ‘ಜಾತಿ’ ಎಂದಷ್ಟೇ ಬರೆದು ನಿಲ್ಲಬೇಡಿ. ಅದರ ಜೊತೆಗೆ ವಂಶಮೂಲ, ಧರ್ಮ, ಬಣ್ಣ, ರಾಷ್ಟ್ರೀಯ ಮೂಲ, ಇವುಗಳಲ್ಲಿ ನಿಮಗೆ ಅನ್ವಯಿಸುವುದನ್ನೆಲ್ಲ ಗುರುತಿಸಿ. ತನಿಖೆಗೆ ಬರುವವರಿಗೆ ಅಡ್ಡಹೆಸರು, ಊರು, ಜನಿವಾರ ಇದೆಯೇ ಎಂದು ಬೆನ್ನು ತಟ್ಟಿ ನೋಡುವುದು, ‘ನಿಮ್ಮದು ಯಾವ ರಿಸರ್ವೇಶನ್’ ಎಂಬ ಪ್ರಶ್ನೆ, ಇವುಗಳ ಅರ್ಥ ಹುಟ್ಟಿನಿಂದ ಗೊತ್ತಿರುವುದಿಲ್ಲ. ಅದನ್ನು ಬಿಡಿಸಿ ಬರೆಯುವ ಕೆಲಸ ನಿಮ್ಮದೇ.

ಮೂರನೆಯ ಹೆಜ್ಜೆ: ದಿನ ಎಣಿಸುವುದು

ಕ್ಯಾಲಿಫೋರ್ನಿಯಾದಲ್ಲಿ ಉದ್ಯೋಗದ ದೂರಿಗೆ 3 ವರ್ಷ. ನ್ಯೂಯಾರ್ಕ್ ರಾಜ್ಯದಲ್ಲಿ, 2024ರ ಫೆಬ್ರುವರಿ 15ರಿಂದ ಈಚೆಗೆ ನಡೆದದ್ದಕ್ಕೆ, 3 ವರ್ಷ. ಮ್ಯಾಸಚೂಸೆಟ್ಸ್‌ನಲ್ಲಿ 300 ದಿನ. ಟೆಕ್ಸಸ್‌ನ ರಾಜ್ಯ ವಿಭಾಗಕ್ಕೆ 180 ದಿನ, ನ್ಯೂಜೆರ್ಸಿಯ ವಿಭಾಗಕ್ಕೂ 180 ದಿನ. ವಾಷಿಂಗ್ಟನ್ ರಾಜ್ಯದ ಆಯೋಗಕ್ಕೆ 6 ತಿಂಗಳು. ಇಇಒಸಿಗೆ ಮೂಲ ಗಡುವು 180 ದಿನ, ರಾಜ್ಯ ಅಥವಾ ನಗರದಲ್ಲಿ ಇಂಥ ಸಂಸ್ಥೆ ಇದ್ದರೆ 300 ದಿನ. ಜಾರ್ಜಿಯಾದಲ್ಲಿ ಖಾಸಗಿ ಉದ್ಯೋಗಿಗಳ ದೂರು ಕೇಳುವ ರಾಜ್ಯ ಸಂಸ್ಥೆ ಇಲ್ಲದ ಕಾರಣ ಅಟ್ಲಾಂಟಾದ ಕನ್ನಡಿಗರಿಗೆ 180 ದಿನ ಅಷ್ಟೇ.

ಎಣಿಕೆ ಎಲ್ಲಿಂದ ಶುರು ಎಂಬುದರಲ್ಲಿ ಬಹಳ ಮಂದಿ ಮೋಸ ಹೋಗುತ್ತಾರೆ. ಒಕ್ಕೂಟದ ಕಾನೂನಿನಲ್ಲಿ, ಕೆಲಸದಿಂದ ತೆಗೆಯುತ್ತೇವೆ ಎಂದು ನಿಮಗೆ ತಿಳಿಸಿದ ದಿನವೇ ಮೊದಲ ದಿನ, ಕೊನೆಯ ಸಂಬಳ ಬಂದ ದಿನವಲ್ಲ. ಎರಡು ತಿಂಗಳ ಮುಂಗಡ ನೋಟಿಸ್ ಕೊಟ್ಟು ಲೇಆಫ್ ಮಾಡಿದರೆ ಆ ಎರಡು ತಿಂಗಳು ಆಗಲೇ ಖರ್ಚಾದಂತೆ. ಎಚ್.ಆರ್. ವಿಚಾರಣೆ ನಡೆಯುತ್ತಿದೆ ಎಂದು ಆ ಗಡಿಯಾರ ನಿಲ್ಲುವುದೂ ಇಲ್ಲ. ಎಚ್.ಆರ್.ಗೆ ಬರೆಯಿರಿ, ಬರೆಯಲೇಬೇಕು, ಆದರೆ ಅದು ಕಂಪನಿಯ ಇಲಾಖೆ ಎಂಬುದನ್ನು ಮರೆಯಬೇಡಿ.

ನಾಲ್ಕನೆಯದು: ಕಾಗದ ಕೂಡಿಡುವುದು

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದಿನಾಂಕ, ಸ್ಥಳ, ಆಡಿದ ಮಾತು ಆಡಿದಂತೆಯೇ, ಅಲ್ಲಿ ಇದ್ದವರ ಹೆಸರು. ಮಾತು ಕನ್ನಡದಲ್ಲೋ ಹಿಂದಿಯಲ್ಲೋ ಆಗಿದ್ದರೆ ಅದೇ ಭಾಷೆಯಲ್ಲಿ ಬರೆದು ಕೆಳಗೆ ಇಂಗ್ಲಿಷ್ ಅರ್ಥ ಬರೆಯಿರಿ. ವಾರ್ಷಿಕ ಮೌಲ್ಯಮಾಪನ, ಬಡ್ತಿಯ ಪತ್ರ, ನಿಮ್ಮದೇ ಸಾಮರ್ಥ್ಯದವರಿಗೆ ಸಿಕ್ಕಿ ನಿಮಗೆ ಸಿಗದ ಅವಕಾಶದ ವಿವರ, ಎಲ್ಲವೂ ಬೇಕು.

ಎರಡು ಕೆಲಸ ಮಾಡಬೇಡಿ. ಕಂಪನಿಯ ಗೋಪ್ಯ ಕಡತಗಳನ್ನು ಸ್ವಂತ ಇಮೇಲ್‌ಗೆ ಕಳುಹಿಸಿಕೊಳ್ಳಬೇಡಿ. ಅದೇ ನಿಮ್ಮನ್ನು ತೆಗೆಯಲು ನೆಪವಾಗುತ್ತದೆ. ಮತ್ತು ಕ್ಯಾಲಿಫೋರ್ನಿಯಾದಲ್ಲಿ ಮೊಬೈಲ್ ಜೇಬಿನಲ್ಲಿಟ್ಟು ಖಾಸಗಿ ಮಾತುಕತೆಯನ್ನು ಕದ್ದು ರೆಕಾರ್ಡ್ ಮಾಡಬೇಡಿ. ಅಲ್ಲಿ ಎಲ್ಲರ ಒಪ್ಪಿಗೆಯಿಲ್ಲದ ಧ್ವನಿಮುದ್ರಣ ಅಪರಾಧ. ದೂರುದಾರನೇ ಆರೋಪಿಯಾಗುವ ಸುಲಭದ ದಾರಿ ಅದು.

ಕೆಲಸ ಬಿಡುವಾಗ ಹಣದ ಜೊತೆಗೆ ಬರುವ ಒಪ್ಪಂದಕ್ಕೆ ಅವಸರದಲ್ಲಿ ಸಹಿ ಹಾಕುವುದೂ ಬೇಡ. 40 ದಾಟಿದವರಿಗೆ ಯೋಚಿಸಲು ಒಕ್ಕೂಟದ ಕಾನೂನು ಕನಿಷ್ಠ 21 ದಿನ, ಸಹಿ ಹಿಂಪಡೆಯಲು 7 ದಿನ ಕೊಡುತ್ತದೆ. ವಿವಾದವೆಲ್ಲ ಖಾಸಗಿ ಮಧ್ಯಸ್ಥಿಕೆಗೆ ಎಂದು ಸೇರುವಾಗಲೇ ಬರೆಸಿಕೊಂಡಿದ್ದರೂ, ಸರ್ಕಾರಿ ಸಂಸ್ಥೆಗೆ ದೂರು ಕೊಡುವ ಹಕ್ಕು ಅದರಿಂದ ಹೋಗುವುದಿಲ್ಲ.

ಫಾರ್ಮ್, ಮತ್ತು ಆಮೇಲೆ

ಕ್ಯಾಲಿಫೋರ್ನಿಯಾವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಇಲಾಖೆಯ ಜಾಲತಾಣದಲ್ಲಿ ಖಾತೆ ತೆರೆದು ಇನ್‌ಟೇಕ್ ಫಾರ್ಮ್ ತುಂಬಬೇಕು. ಅಂಚೆಯಲ್ಲಿ ಕಳುಹಿಸಬಹುದು, ಫೋನ್‌ನಲ್ಲೂ ಹೇಳಬಹುದು. ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ದುಭಾಷಿಯನ್ನು ಕೇಳಬಹುದು. ಈ ಫಾರ್ಮೇ ದೂರಲ್ಲ. ಅಧಿಕಾರಿ ನಿಮ್ಮನ್ನು ಸಂದರ್ಶಿಸಿ, ವಿಷಯ ಇಲಾಖೆಯ ವ್ಯಾಪ್ತಿಗೆ ಬರುತ್ತದೆ ಎನಿಸಿದರೆ ದೂರನ್ನು ತಾವೇ ಬರೆದು ಸಹಿಗೆ ಕಳುಹಿಸುತ್ತಾರೆ. ಸಹಿ ಬಿದ್ದ ಪ್ರತಿ ಕಂಪನಿಗೆ ಹೋಗುತ್ತದೆ. ಅಂದರೆ ಅಲ್ಲಿಂದ ಮುಂದೆ ಗುಟ್ಟು ಉಳಿಯುವುದಿಲ್ಲ. ದೂರು ಕೊಟ್ಟಿದ್ದಕ್ಕೆ ಪ್ರತೀಕಾರ ತೀರಿಸಿಕೊಂಡರೆ ಅದು ಪ್ರತ್ಯೇಕ ಉಲ್ಲಂಘನೆ. ಮೂಲ ಆರೋಪ ಬಿದ್ದುಹೋದರೂ ಪ್ರತೀಕಾರದ ಆರೋಪ ನಿಲ್ಲಬಹುದು.

ಫಾರ್ಮಿನ ಹೊತ್ತಿಗೆ ಒಂದು ಕವಲು ಬರುತ್ತದೆ. ತನಿಖೆ ಬೇಡ, ನೇರ ನ್ಯಾಯಾಲಯಕ್ಕೆ ಹೋಗುತ್ತೇನೆ ಎಂದರೆ ಮೊಕದ್ದಮೆಯ ಹಕ್ಕಿನ ನೋಟಿಸ್ ತಕ್ಷಣ ಸಿಗುತ್ತದೆ. ಸಿಕ್ಕಿತೆಂದು ಹಿಗ್ಗಬೇಡಿ. ಆಮೇಲೆ ಇಲಾಖೆ ತನಿಖೆ ಮಾಡುವುದಿಲ್ಲ, ಮೊಕದ್ದಮೆ ಹೂಡಲು ನಿಮಗೆ ಒಂದು ವರ್ಷ ಮಾತ್ರ. ಇಇಒಸಿಯ ಇಂಥದೇ ನೋಟಿಸಿಗೆ 90 ದಿನ. ವಕೀಲರು ಗೊತ್ತಾಗಿ, ಒಪ್ಪಿಕೊಂಡ ಮೇಲೆ ಮಾತ್ರ ಈ ಕವಲು ಹಿಡಿಯಿರಿ.

ದೂರು ಕೊಟ್ಟರೆ ಕೆಲಸದ ಜೊತೆಗೆ ದೇಶವನ್ನೂ ಬಿಡಬೇಕಾದೀತು ಎಂಬ ಎಚ್‌-1ಬಿ ಕೆಲಸದ ವೀಸಾದವರ ಭಯ ನಿಜ, ಆದರೆ ಅರ್ಧ ನಿಜ. ತಾರತಮ್ಯದ ಕಾನೂನು ಯಾವ ವೀಸಾ ಎಂದು ನೋಡದೆ ರಕ್ಷಣೆ ಕೊಡುತ್ತದೆ. ಇನ್ನರ್ಧ ಏನೆಂದರೆ, ಕೆಲಸ ಹೋದರೆ ಹೊಸದನ್ನು ಹುಡುಕಲು ಅಥವಾ ದೇಶ ಬಿಡಲು ಸಿಗುವ 60 ದಿನಗಳ ಅವಧಿಯನ್ನು ಈ ದೂರು ಒಂದು ದಿನವೂ ಹಿಗ್ಗಿಸುವುದಿಲ್ಲ. ವಲಸೆ ವಕೀಲರು ಬೇರೆ, ಉದ್ಯೋಗ ವಕೀಲರು ಬೇರೆ. ಇಬ್ಬರನ್ನೂ ಒಂದೇ ವಾರದಲ್ಲಿ ಕಾಣಿರಿ.

ಕ್ಯಾಲಿಫೋರ್ನಿಯಾದಲ್ಲಿ ಮನೆ ಬಾಡಿಗೆಯ ದೂರಿಗೂ ಇದೇ ನಾಗರಿಕ ಹಕ್ಕುಗಳ ಇಲಾಖೆ, ಗಡುವು ಮಾತ್ರ ಒಂದು ವರ್ಷ. ಇಲ್ಲಿ ನಾವು ಮೇಜಿನ ಆಚೆ ಬದಿಯಲ್ಲೂ ಕೂರಬೇಕಾದೀತು. ಬಾಡಿಗೆಗೆಂದೇ ಕೊಂಡ ಮನೆಗೆ ‘ಭಾರತೀಯ ಕುಟುಂಬಕ್ಕೆ ಮಾತ್ರ’ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುವ ಜಾಹೀರಾತು ರಾಷ್ಟ್ರೀಯ ಮೂಲದ ತಾರತಮ್ಯವೇ. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬುದರಲ್ಲಿ ಆಹಾರವೊಂದೇ ಇದ್ದರೆ ಕಾನೂನು ಸುಮ್ಮನಿರಬಹುದು, ಅದರ ಹಿಂದೆ ಧರ್ಮವೋ ಜಾತಿಯೋ ಇದ್ದರೆ ಸುಮ್ಮನಿರದು. ಫೋನ್ ಮಾಡಿ ಅಡ್ಡಹೆಸರು ಹೇಳಿದ ಮೇಲೆ ‘ಮನೆ ಆಗಲೇ ಹೋಯಿತು’ ಎಂಬ ಉತ್ತರ ಕೇಳಿಸಿಕೊಂಡವರು ಆ ಜಾಹೀರಾತು ಮಾಯವಾಗುವ ಮೊದಲು ಸ್ಕ್ರೀನ್‌ಶಾಟ್ ತೆಗೆದು, ಕರೆ ಮಾಡಿದ ಹೊತ್ತನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು.