ಹೆಸರು ಹಿಡಿದು ಪ್ರಾರ್ಥನೆ ಮಾಡುವುದು ಹೇಗೆ

"ಕರ್ತನೇ, ಲೋಕದಲ್ಲಿ ಕಷ್ಟಪಡುವ ಎಲ್ಲರನ್ನೂ ಕಾಪಾಡು." ನಮ್ಮಲ್ಲಿ ಕನಿಕರ ಬೆಳೆಯಲಿ ಎಂದು ದಿನಾ ಪ್ರಾರ್ಥನೆ ಮಾಡಬೇಕು ಅಂತ ಹೊರಡುವವರು ಮೊದಲು ಈ ಸಾಲನ್ನು ಬದಿಗಿಡಬೇಕು. ತಪ್ಪು ಸಾಲೇನಲ್ಲ. ಭಾನುವಾರ ಸಭಾಪಾಲಕರು ಹೇಳಲಿ, ನಾವು ಆಮೆನ್ ಅನ್ನೋಣ. ಆದರೆ ಮನೆಯಲ್ಲಿ ಒಬ್ಬರೇ ಕೂತು ಹೀಗೆ ಬೇಡಿಕೊಂಡರೆ, ಎದ್ದ ಮೇಲೆ ಮಾಡುವುದಕ್ಕೆ ಏನೂ ಇರುವುದಿಲ್ಲ.

ನಾನು ಸ್ಟಾಫ್ ನರ್ಸ್ ಆಗಿ ರಿಟೈರ್ ಆದವಳು. ವಾರ್ಡಿನಲ್ಲಿ ಡ್ಯೂಟಿ ಬದಲಾಗುವಾಗ "ಎಲ್ಲರನ್ನೂ ನೋಡಿಕೊಳ್ಳಿ" ಅಂತ ಹೇಳಿ ಯಾರೂ ಮನೆಗೆ ಹೋಗುವುದಿಲ್ಲ. ಯಾವ ಬೆಡ್ಡು, ಯಾರು, ರಾತ್ರಿ ಏನಾಯಿತು, ಈಗ ಏನು ಕೊಡಬೇಕು, ಇಷ್ಟು ಹೇಳಬೇಕು. ಪ್ರಾರ್ಥನೆಯೂ ಹಾಗೇ ಇರಲಿ.

ಬೇಕಾಗುವುದು ಸತ್ಯವೇದ (ಬೈಬಲ್), ಒಂದು ಸಣ್ಣ ನೋಟ್‌ಬುಕ್, ಒಂದು ಪೆನ್ಸಿಲ್. ಬೆಳಿಗ್ಗೆ ಹತ್ತು ನಿಮಿಷ, ರಾತ್ರಿ ಐದು ನಿಮಿಷ. ಫೋನ್ ಬೇರೆ ಕೋಣೆಯಲ್ಲಿರಲಿ. ಸತ್ಯವೇದದ ಆ್ಯಪ್ ಇದೆ ಅಂತ ಅದನ್ನು ಕೈಗೆತ್ತಿಕೊಂಡರೆ ಗುಡ್ ಮಾರ್ನಿಂಗ್ ಮೆಸೇಜುಗಳಲ್ಲೇ ಹತ್ತು ನಿಮಿಷ ಹೋಗುತ್ತದೆ. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಪ್ರಾರ್ಥಿಸಲು ಹೋದ ಅಂತ ಮಾರ್ಕ 1:35ರಲ್ಲಿದೆ ನಿಜ. ನೈಟ್ ಡ್ಯೂಟಿ ಮುಗಿಸಿ ಬಂದವರು ಅದನ್ನು ನೆನೆದು ಬೇಜಾರು ಮಾಡಿಕೊಳ್ಳಬೇಡಿ. ಮಲಗಿ, ಎದ್ದು ಮಾಡಿ.

ಬೆಳಿಗ್ಗೆ ಮೊದಲು ಓದು. ಮೊದಲ ವಾರಕ್ಕೆ ಮೂರು ಕಡೆ ಸಾಕು: ಲೂಕ 7:11-17, ಮಾರ್ಕ 1:40-45, ಮತ್ತಾಯ 20:29-34. ನಾಯಿನೆಂಬ ಊರಿನ ವಿಧವೆಯನ್ನು ಕಂಡು ಯೇಸು ಕನಿಕರಪಟ್ಟ, ಹೋಗಿ ಅವಳ ಸತ್ತ ಮಗನ ಚಟ್ಟ ಮುಟ್ಟಿದ. ಕುಷ್ಠರೋಗಿಯನ್ನು ಯಾರೂ ಹತ್ತಿರ ಸೇರಿಸದ ಕಾಲದಲ್ಲಿ ಕೈಚಾಚಿ ಮುಟ್ಟಿದ. ಯೆರಿಕೋ ದಾರಿಯಲ್ಲಿದ್ದ ಕುರುಡರ ಕಣ್ಣು ಮುಟ್ಟಿದ. ಕನಿಕರ ಆದ ಕೂಡಲೇ ಕೈ ಮುಂದೆ ಹೋಗಿದೆ, ಅಲ್ವಾ? ಆ ವಿಧವೆಯಂತೂ ಏನನ್ನೂ ಕೇಳಿರಲೇ ಇಲ್ಲ.

ಓದಿದ ಮೇಲೆ ನೋಟ್‌ಬುಕ್ಕಿನಲ್ಲಿ ಒಂದು ಹೆಸರು ಬರೆಯಿರಿ. ಒಂದೇ. ಈ ದಿನ ಕಣ್ಣಿಗೆ ಬೀಳುವವರು, ಇಲ್ಲವೇ ಫೋನಿಗೆ ಸಿಗುವವರು ಆಗಿರಬೇಕು. ಹಾಲು ಹಾಕುವ ಹುಡುಗ, ಕೆಳಗಿನ ಮನೆಯ ಅಜ್ಜಿ, ಸೊಂಟನೋವಿದ್ದರೂ ಪಾತ್ರೆ ತಿಕ್ಕಲು ಬರುವ ಅಕ್ಕ. ಹೆಸರಿನ ಪಕ್ಕ ಅವರಿಗೆ ಬೇಕಾದದ್ದನ್ನೂ ಬರೆಯಿರಿ. "ಅಜ್ಜಿ: ಬಿಪಿ ಗುಳಿಗೆ ಮುಗಿದಿದೆ, ತರುವವರಿಲ್ಲ." ಇದನ್ನು ಬರೆಯಲು ಆಗದಿದ್ದರೆ ನಿಮಗೆ ಆ ವ್ಯಕ್ತಿಯ ಬಗ್ಗೆ ಏನೂ ತಿಳಿದಿಲ್ಲ ಅಂತ ಅರ್ಥ. ಹಾಗಾದರೆ ಆ ದಿನದ ಕೆಲಸ ಅವರನ್ನು ಮಾತಾಡಿಸುವುದು.

ಆಮೇಲೆ ಹೀಗೆ ಬೇಡಿಕೊಳ್ಳಬಹುದು:

"ತಂದೆಯೇ, ಈ ದಿನ ನಿನ್ನ ಮುಂದೆ ಒಬ್ಬರ ಹೆಸರು ಹಿಡಿದು ಬಂದಿದ್ದೇನೆ. ಅವರ ನೋವು ನನಗಿಂತ ಜಾಸ್ತಿ ನಿನಗೆ ಗೊತ್ತು. ಅವರ ಮಾತನ್ನು ನಡುವೆ ತಡೆಯದೆ ಕೇಳುವ ತಾಳ್ಮೆ ಕೊಡು. ನನ್ನಿಂದ ಆಗುವುದು ಏನು ಅಂತ ತೋರಿಸು, ತೋರಿಸಿದ ಮೇಲೆ ನಾನು ನೆಪ ಹೇಳದಂತೆ ಮಾಡು. ಯೇಸುವಿನ ಹೆಸರಿನಲ್ಲಿ ಬೇಡುತ್ತೇನೆ, ಆಮೆನ್."

ವಾರಕ್ಕೊಮ್ಮೆ, ಕಂಡರಾಗದವರೊಬ್ಬರ ಹೆಸರು ಬರೆಯಿರಿ. ವೈರಿಗಳನ್ನು ಪ್ರೀತಿಸಿ, ಹಿಂಸಿಸುವವರಿಗಾಗಿ ಪ್ರಾರ್ಥಿಸಿ ಅನ್ನುವ ಮತ್ತಾಯ 5:44 ನಮಗೆ ಬೇರೆ ದಾರಿ ಬಿಟ್ಟಿಲ್ಲ. ಆದರೆ "ಅವರಿಗೆ ಒಳ್ಳೆ ಬುದ್ಧಿ ಕೊಡು" ಅನ್ನಬೇಡಿ. ಅದು ದೇವರ ಹತ್ತಿರ ಹೇಳುವ ಚಾಡಿ. ಅವರ ಮಂಡಿನೋವಿಗೆ, ಅವರ ಮಗನ ಕೆಲಸಕ್ಕೆ ಬೇಡಿಕೊಳ್ಳಿ. ಹಲ್ಲು ಕಚ್ಚಿಕೊಂಡಾದರೂ ಸರಿ.

ನನ್ನ ಗುಣ ಬೆಳೆಯಲಿ ಅನ್ನುವ ಪ್ರಾರ್ಥನೆಗೆ ನಾನು ಗಲಾತ್ಯ 5:22-23 ಹಿಡಿಯುತ್ತೇನೆ, ಪವಿತ್ರಾತ್ಮನಿಂದ ಬರುವ ಗುಣಗಳು ಅಲ್ಲಿವೆ. ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ (ಅಂದರೆ ತಾಳ್ಮೆ), ದಯೆ, ಉಪಕಾರ, ನಂಬಿಕೆ, ಸಾಧುತ್ವ, ಶಮೆದಮೆ (ಅಂದರೆ ತನ್ನ ಮೇಲೆ ಹಿಡಿತ). ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಪಟ್ಟಿ. ಒಂಬತ್ತನ್ನೂ ಒಟ್ಟಿಗೆ ಕೇಳಬೇಡಿ, ತಿಂಗಳಿಗೆ ಒಂದು ಸಾಕು. ಯಾವುದು ಅಂತ ನೀವೇ ಆರಿಸಬೇಡಿ. ಮನೆಯವರನ್ನು ಕೇಳಿ. ಗಂಡನನ್ನು, ಮಕ್ಕಳನ್ನು, ಧೈರ್ಯವಿದ್ದರೆ ಸೊಸೆಯನ್ನು. ನನ್ನ ಸೊಸೆ ಯೋಚಿಸದೆ "ದೀರ್ಘಶಾಂತಿ, ಅತ್ತೆ" ಅಂದಳು. ಅವಳ ಕೈಯಲ್ಲಿ ಹೆಚ್ಚಲು ಹಿಡಿದ ಈರುಳ್ಳಿ ಇತ್ತು, ನಾನು "ಸಣ್ಣಗೆ ಹೆಚ್ಚು" ಅಂತ ಆಗಷ್ಟೇ ಹೇಳಿದ್ದೆ.

ಆ ಗುಣವನ್ನು ದಿನದ ಯಾವ ಗಳಿಗೆಗೆ ಕೇಳುತ್ತಿದ್ದೀರಿ ಅನ್ನುವುದನ್ನೂ ಹೇಳಿ: "ಕರ್ತನೇ, ಮಧ್ಯಾಹ್ನ ಅಡುಗೆಮನೆಯಲ್ಲಿ ಇಬ್ಬರೂ ಇರುವಾಗ ನನ್ನ ನಾಲಿಗೆ ಕಾಯಿ. ಹೇಳಲೇಬೇಕಾದದ್ದು ಇದ್ದರೆ ಊಟ ಆದ ಮೇಲೆ ಹೇಳುತ್ತೇನೆ." ಇಷ್ಟು ಸಾಕು. ಇದರ ಜೊತೆ ಕೀರ್ತನೆ 139ರ ಕೊನೆಯ ಎರಡು ವಚನ ಓದಿ. ನನ್ನನ್ನು ಪರೀಕ್ಷಿಸಿ ನೋಡು ಅಂತ ದೇವರನ್ನೇ ಕರೆಯುವ ಮಾತುಗಳು ಅವು.

ಸೇವೆಗೆ ಬಂದರೆ, ಮತ್ತಾಯನ 9ನೇ ಅಧ್ಯಾಯದ ಕೊನೆಯನ್ನೂ 10ರ ಆರಂಭವನ್ನೂ ನಿಲ್ಲಿಸದೆ ಒಟ್ಟಿಗೆ ಓದಿ. ನಾವು ಸಾಮಾನ್ಯವಾಗಿ ಅಧ್ಯಾಯ ಮುಗಿದಲ್ಲಿ ಪುಸ್ತಕ ಮುಚ್ಚುತ್ತೇವೆ. ಬೆಳೆ ಬಹಳ, ಆಳುಗಳು ಕಡಿಮೆ, ಆಳುಗಳನ್ನು ಕಳಿಸು ಅಂತ ಯಜಮಾನನನ್ನು ಬೇಡಿಕೊಳ್ಳಿ ಅಂತ ಯೇಸು ಶಿಷ್ಯರಿಗೆ ಹೇಳುತ್ತಾನೆ. ಮುಂದಿನ ಪುಟದಲ್ಲಿ ಆ ಶಿಷ್ಯರನ್ನೇ ಕಳಿಸುತ್ತಾನೆ! ಬೇಡಿಕೊಂಡವರೇ ಆಳುಗಳಾದರು. ಆದ್ದರಿಂದ ಅಜ್ಜಿಯ ಗುಳಿಗೆಗೆ ಯಾರನ್ನಾದರೂ ಕಳಿಸು ಅಂತ ಕೇಳುವ ಮೊದಲು ಚಪ್ಪಲಿ ಎಲ್ಲಿದೆ ನೋಡಿಕೊಳ್ಳಿ.

ಸ್ವಂತ ಮಾತು ಬಾರದಿದ್ದರೆ ಸಿದ್ಧ ಪ್ರಾರ್ಥನೆ ಹೇಳಬಹುದು. ನನ್ನನ್ನು ನಿನ್ನ ಸಮಾಧಾನದ ಸಾಧನವಾಗಿ ಮಾಡು ಅನ್ನುವ ಪ್ರಾರ್ಥನೆಯನ್ನು ಅಸ್ಸಿಸಿಯ ಸಂತ ಫ್ರಾನ್ಸಿಸರದು ಅನ್ನುತ್ತಾರೆ. ಅವರು 13ನೇ ಶತಮಾನದವರು, ಈ ಪ್ರಾರ್ಥನೆ ಮೊದಲು ಅಚ್ಚಾಗಿ ಕಂಡದ್ದು 1912ರಲ್ಲಿ, ಫ್ರಾನ್ಸಿನ ಒಂದು ಸಣ್ಣ ಪತ್ರಿಕೆಯಲ್ಲಿ, ಬರೆದವರ ಹೆಸರಿಲ್ಲದೆ. ಯಾರು ಬರೆದರೇನು, ಒಳ್ಳೆಯ ಪ್ರಾರ್ಥನೆ. ಪೂರ್ತಿ ಗಡಗಡನೆ ಹೇಳುವ ಬದಲು ದಿನಕ್ಕೊಂದು ಸಾಲು ತೆಗೆದುಕೊಂಡು, ಆ ದಿನದ ಹೆಸರಿನ ಜೊತೆ ಸೇರಿಸಿ.

ಹೊರಗೆ ಹೋಗಲು ಆಗದವರಿಗೆ ಮಿಜೋರಾಂನ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರ ದಾರಿ ಇದೆ. 1910ರಿಂದ ಅವರು ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ತೆಗೆದು ಬೇರೆ ಇಡುತ್ತಾ ಬಂದಿದ್ದಾರೆ. ಬುಹ್‌ಫಾಯ್ ಥಮ್ ಅಂತ ಅದರ ಹೆಸರು. ಸಭೆಯ ಸೇವೆಗೆ ದೊಡ್ಡ ಆಸರೆ ಆಗಿರುವುದು ಈ ಹಿಡಿ ಅಕ್ಕಿಯೇ. ನಮ್ಮ ಕಡೆ ಜೋಳದ ಹಿಟ್ಟಾದರೂ ನಡೆಯುತ್ತದೆ. ತೆಗೆದಿಡುವಾಗ ಬೆಳಗಿನ ಹೆಸರನ್ನು ಒಮ್ಮೆ ಹೇಳಿ, ತಿಂಗಳ ಕೊನೆಗೆ ಡಬ್ಬಿಯನ್ನು ಬೇಕಾದವರಿಗೆ ಮುಟ್ಟಿಸಿ.

ರಾತ್ರಿಯದು ಚಿಕ್ಕದು. ನಮ್ಮದು ಬಾಸೆಲ್ ಮಿಷನ್ ಕಾಲದ ಪ್ರೊಟೆಸ್ಟಂಟ್ ಮನೆತನ, ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಆದರೂ ಇದನ್ನು ಕಲಿತದ್ದು ಜೊತೆಗೆ ಕೆಲಸ ಮಾಡಿದ ಒಬ್ಬ ಕೆಥೋಲಿಕ್ ಸಿಸ್ಟರ್ ಹತ್ತಿರ. ಕೆಥೋಲಿಕ್ ಸಂತ ಇಗ್ನೇಷಿಯಸ್ ಲೊಯೊಲಾ 16ನೇ ಶತಮಾನದಲ್ಲಿ ಕಲಿಸಿದ ಆತ್ಮಪರೀಕ್ಷೆ ಇದು. ದಿನವನ್ನು ಬೆಳಗಿನಿಂದ ಒಮ್ಮೆ ನೆನೆದು, ಒಳ್ಳೆಯದಕ್ಕೆ ವಂದನೆ ಹೇಳಿ, ಎಡವಿದ್ದಕ್ಕೆ ಕ್ಷಮೆ ಕೇಳಿ, ನಾಳೆಗೆ ಬಲ ಕೇಳುವುದು. ನಾನು ಅದಕ್ಕೆ ನೋಟ್‌ಬುಕ್ ಸೇರಿಸಿಕೊಂಡಿದ್ದೇನೆ. ಹೆಸರಿನ ಮುಂದೆ ಕೆಲಸ ಆಯಿತೋ ಇಲ್ಲವೋ ಗುರುತು ಹಾಕುವುದು. ಆಗದಿದ್ದರೆ ನಾಳೆಯೂ ಅದೇ ಹೆಸರು.

ಒಂದು ಎಚ್ಚರಿಕೆ. ಪ್ರಾರ್ಥನಾ ಕೂಟದಲ್ಲಿ ಆ ಹೆಸರುಗಳನ್ನು ಹೊರಗೆಡವಬೇಡಿ. "ಇಂಥವರ ಮಗಳ ಮದುವೆ ಮುರಿದಿದೆ, ಪ್ರಾರ್ಥಿಸೋಣ" ಅಂದರೆ ಚಹಾ ಬರುವಷ್ಟರಲ್ಲಿ ಓಣಿಗೆಲ್ಲ ಸುದ್ದಿ. ಅವರನ್ನೇ ಮೊದಲು ಕೇಳಿ. ಬೇಡ ಅಂದರೆ "ಒಬ್ಬ ತಾಯಿಗಾಗಿ" ಅಂದರೆ ಸಾಕು. ನೋಟ್‌ಬುಕ್ಕನ್ನೂ ಟೀಪಾಯ್ ಮೇಲೆ ಬಿಡಬೇಡಿ, ಕಪಾಟಿನೊಳಗೆ ಇಡಿ.